ಗೊರಾಜ್ದೆ: ಕೆಲಸ ಇದೆ, ರಸ್ತೆ ಇಲ್ಲ, ಜನ ಹೊರಡುತ್ತಿದ್ದಾರೆ

ಬೋಸ್ನಿಯಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ ಊರು, ಸರಾಯೆವೊ ಮತ್ತು ಸ್ರೆಬ್ರೆನಿತ್ಸಾ. ಮೊದಲನೆಯದು ವರ್ಷಗಟ್ಟಲೆ ನಡೆದ ಮುತ್ತಿಗೆಗೆ, ಎರಡನೆಯದು 1995ರ ಜುಲೈನ ನರಮೇಧಕ್ಕೆ. ಗೊರಾಜ್ದೆ ಎಂಬ ಹೆಸರು ಕೇಳಿದವರು ಕಡಿಮೆ. ಡ್ರೀನಾ ನದಿಯ ದಡದಲ್ಲಿ, ಬೆಟ್ಟಗಳ ನಡುವೆ ಇರುವ ಸಣ್ಣ ಊರು ಅದು. 1992ರಿಂದ 1995ರವರೆಗಿನ ಅದೇ ಯುದ್ಧ, ಬೋಸ್ನಿಯಾ ಸರ್ಬರ ಅದೇ ಸೈನ್ಯ, ಅದೇ ರೀತಿಯ ಮುತ್ತಿಗೆ. ಆದರೆ ಪೂರ್ವ ಬೋಸ್ನಿಯಾದ ಮೂರು ಮುತ್ತಿಗೆಯ ಊರುಗಳಲ್ಲಿ ಎರಡು ಬಿದ್ದವು, ಇದೊಂದು ಉಳಿಯಿತು. ಉಳಿದುಕೊಂಡ ಊರಿನ ಬಗ್ಗೆ ಸುದ್ದಿ ಬರೆಯುವವರು ಯಾರು, ಅಲ್ವಾ?

ನನಗೆ ಈ ಊರಿನ ಬಗ್ಗೆ ಆಸಕ್ತಿ ಹುಟ್ಟಿದ್ದು ಯುದ್ಧದ ಕಾರಣಕ್ಕಲ್ಲ, ಆಮೇಲೆ ನಡೆದದ್ದರ ಕಾರಣಕ್ಕೆ. ಯುದ್ಧ ಮುಗಿದ ಊರು ಮತ್ತೆ ನಿಲ್ಲಬೇಕಾದರೆ ಏನು ಬೇಕು ಅಂತ ಯಾರನ್ನೇ ಕೇಳಿ, ಬರುವ ಉತ್ತರ ಒಂದೇ. ಕೆಲಸ ಕೊಡಿ, ಫ್ಯಾಕ್ಟರಿ ತನ್ನಿ, ಹುಡುಗರು ಊರಲ್ಲೇ ಉಳಿಯುತ್ತಾರೆ ಅಂತ. ಗೊರಾಜ್ದೆಯಲ್ಲಿ ಫ್ಯಾಕ್ಟರಿಗಳು ಬಂದಿವೆ. ಬೋಸ್ನಿಯಾದ ಲೆಕ್ಕದಲ್ಲಿ ನಿರುದ್ಯೋಗ ಕಡಿಮೆ ಇರುವ ಜಾಗಗಳಲ್ಲಿ ಅದೂ ಒಂದು. ಜರ್ಮನಿಯ ಕಾರುಗಳಿಗೆ ಬಿಡಿಭಾಗ ಅಲ್ಲಿಂದ ಹೋಗುತ್ತದೆ. ಆದರೂ ಜನ ಗಂಟುಮೂಟೆ ಕಟ್ಟುತ್ತಿದ್ದಾರೆ. ಹಾಗಾದರೆ ಕೊರತೆ ಎಲ್ಲಿದೆ?

ಮೊದಲು ಸ್ವಲ್ಪ ಹಳೆಯ ಕಥೆ. ಬೋಸ್ನಿಯಾದ ನೆಲದಲ್ಲಿ ಮೊದಲ ಅಚ್ಚುಕೂಟ ನಡೆದದ್ದು ಈ ಗೊರಾಜ್ದೆಯ ಹತ್ತಿರ, ಸೊಪೊತ್ನಿತ್ಸಾ ಎಂಬಲ್ಲಿಯ ಸೇಂಟ್ ಜಾರ್ಜ್ ಚರ್ಚಿನಲ್ಲಿ. ವೆನಿಸ್‌ನಲ್ಲಿ ಶುರುವಾದ ಈ ಅಚ್ಚುಕೂಟ ಆಮೇಲೆ ಇಲ್ಲಿಗೆ ಬಂತು. 1519ರಿಂದ 1523ರ ಒಳಗೆ ಮೂರು ಪುಸ್ತಕ ಅಚ್ಚಾದವು. ಒಟ್ಟೋಮನ್ ಆಡಳಿತದ ಕಾಲ ಅದು. ಅಂದರೆ ಮುಸ್ಲಿಂ ಸುಲ್ತಾನರ ರಾಜ್ಯದ ಒಂದು ಮೂಲೆಯಲ್ಲಿ ಸರ್ಬರ ಆರ್ಥೊಡಾಕ್ಸ್ ಚರ್ಚಿನ ಪುಸ್ತಕಗಳು ಅಚ್ಚಾಗುತ್ತಿದ್ದವು. ಸಾವಿರ ವರ್ಷದಿಂದ ಇವರು ಬಡಿದಾಡುತ್ತಲೇ ಇದ್ದಾರೆ ಅಂತ ಟಿ.ವಿ.ಯಲ್ಲಿ ಹೇಳುವವರಿಗೆ ಇದನ್ನು ತೋರಿಸಬೇಕು. ಹಾಗಂತ ಎಲ್ಲ ಕಾಲದಲ್ಲೂ ಪ್ರೀತಿಯಿಂದಲೇ ಇದ್ದರು ಅಂತಲೂ ಇಲ್ಲ. ಎರಡನೇ ಮಹಾಯುದ್ಧದಲ್ಲಿ, 1941ರ ಕೊನೆಯಲ್ಲಿ, ಸರ್ಬ್ ರಾಷ್ಟ್ರವಾದಿಗಳ ಚೆಟ್ನಿಕ್ ಪಡೆಗಳು ಇಲ್ಲಿ ಮುಸ್ಲಿಮರ ಹತ್ಯಾಕಾಂಡ ನಡೆಸಿದವು. ಆ ನೆನಪು ಮನೆಮನೆಯಲ್ಲಿ ಉಳಿದಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಮಹಾಯುದ್ಧದ ನಂತರ ಬೋಸ್ನಿಯಾ ಕಮ್ಯುನಿಸ್ಟ್ ನಾಯಕ ಟಿಟೋ ಆಳಿದ ಯುಗೊಸ್ಲಾವಿಯಾದ ಭಾಗವಾಗಿತ್ತು, ಆ ಕಾಲ ಈ ಊರಿಗೆ ಕೈಗಾರಿಕೆ ತಂತು. 1948ರಲ್ಲಿ ಸ್ಟಾಲಿನ್ ಜೊತೆ ಜಗಳವಾದ ಮೇಲೆ ಟಿಟೋಗೆ ಪೂರ್ವ, ಪಶ್ಚಿಮ ಎರಡೂ ಕಡೆಯಿಂದ ದಾಳಿಯ ಭಯ ಇತ್ತು. ಹಾಗಾಗಿ ಮದ್ದುಗುಂಡಿನ ಕಾರ್ಖಾನೆಗಳನ್ನು ಗಡಿಯಿಂದ ದೂರ, ಬೋಸ್ನಿಯಾದ ಬೆಟ್ಟದ ಸಂದಿಗಳಲ್ಲಿ ಕಟ್ಟಿಸಿದರು. ಗೊರಾಜ್ದೆಯ ಪಾಲಿಗೆ ಬಂದದ್ದು ವಿತ್ಕೊವಿಚಿಯ ‘ಪೊಬ್ಯೆದಾ’. ಸಿಡಿಯುವ ಕ್ಯಾಪುಗಳು, ಡಿಟೊನೇಟರುಗಳು ಅಲ್ಲಿ ತಯಾರಾಗುತ್ತಿದ್ದವು. ಜೊತೆಗೆ ‘ಅಜೋತ್’ ಎಂಬ ರಾಸಾಯನಿಕ ಕಾರ್ಖಾನೆ. ಬೆಟ್ಟದ ಹಳ್ಳಿಯ ಹುಡುಗರು ಲೇತ್ ಮೆಷಿನ್ ಹಿಡಿಯುವುದನ್ನು ಕಲಿತರು, ಹುಡುಗಿಯರು ಸೂಕ್ಷ್ಮ ಜೋಡಣೆಯ ಕೆಲಸ ಕಲಿತರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕೈ ಹಾರಿಹೋಗುವ ಕೆಲಸ ಅದು. ಆ ಕೈಗಳ ಶಿಸ್ತು ಮುಂದೆ ಊರನ್ನು ಎರಡು ಸಲ ಉಳಿಸಿತು. ಒಮ್ಮೆ ಯುದ್ಧದಲ್ಲಿ, ಇನ್ನೊಮ್ಮೆ ಯುದ್ಧ ಮುಗಿದ ಮೇಲೆ.

1991ರ ಜನಗಣತಿಯಲ್ಲಿ ಗೊರಾಜ್ದೆ ಪುರಸಭೆಯ ವ್ಯಾಪ್ತಿಯಲ್ಲಿ 37,573 ಜನ. ನೂರಕ್ಕೆ 70 ಮಂದಿ ಬೋಸ್ನಿಯಾಕ್ ಮುಸ್ಲಿಮರು, 26 ಮಂದಿ ಸರ್ಬರು. ಒಂದೇ ಕಾರ್ಖಾನೆ, ಒಂದೇ ಕ್ಯಾಂಟೀನ್, ಒಂದೇ ಅಪಾರ್ಟ್‌ಮೆಂಟಿನ ಮೆಟ್ಟಿಲು.

ಆಮೇಲೆ ಯುಗೊಸ್ಲಾವಿಯಾ ಒಡೆಯಿತು, ಬೋಸ್ನಿಯಾದಲ್ಲಿ ಯುದ್ಧ ಶುರುವಾಯಿತು. 1992ರ ಏಪ್ರಿಲ್, ಮೇ ಹೊತ್ತಿಗೆ ಸುತ್ತಲಿನ ಊರುಗಳು ಒಂದೊಂದಾಗಿ ಬೋಸ್ನಿಯಾ ಸರ್ಬ್ ಪಡೆಗಳ ಕೈಗೆ ಹೋದವು. ನದಿಯ ಮೇಲ್ಗಡೆ ಫೋಚಾ, ಕೆಳಗಡೆ ವಿಶೆಗ್ರಾಡ್, ಅತ್ತ ರೊಗಾತಿತ್ಸಾ, ಇತ್ತ ಚಾಯ್ನಿಚೆ. ಫೋಚಾದಲ್ಲಿ ಹೆಂಗಸರನ್ನು ಕೂಡಿಹಾಕಿ ನಡೆಸಿದ ಅತ್ಯಾಚಾರಗಳ ಮೇಲೆ ಹೇಗ್ ನ್ಯಾಯಮಂಡಳಿ 2001ರಲ್ಲಿ ಕೊಟ್ಟ ತೀರ್ಪು ಅಂತರರಾಷ್ಟ್ರೀಯ ಕಾನೂನಿನಲ್ಲೇ ಒಂದು ತಿರುವು. ಅಲ್ಲಿಂದೆಲ್ಲ ತಪ್ಪಿಸಿಕೊಂಡವರು ಓಡಿ ಬಂದದ್ದು ಗೊರಾಜ್ದೆಗೆ. ಮುತ್ತಿಗೆಯ ಒಳಗೆ ಜನಸಂಖ್ಯೆ 60 ಸಾವಿರ ದಾಟಿತು. ಊರಿನ ಸರ್ಬರಲ್ಲಿ ಹೆಚ್ಚಿನವರು ಆಚೆಗೆ ಹೋದರು. ಕೆಲವರು ಉಳಿದರು, ಉಳಿದವರ ಬದುಕೂ ಸುಲಭವಿರಲಿಲ್ಲ. ಹೊರಗಿನಿಂದ ಶೆಲ್, ಒಳಗೆ ಅನುಮಾನ.

ಮುತ್ತಿಗೆಯ ದಿನಗಳ ಎರಡು ಸಂಗತಿ ಹೇಳಲೇಬೇಕು. ಒಂದು, ಗ್ರೆಬಾಕ್ ದಾರಿ. ಊರಿನಲ್ಲಿ ಹಿಟ್ಟಿಲ್ಲ, ಉಪ್ಪಿಲ್ಲ. ಬೋಸ್ನಿಯಾ ಸರ್ಕಾರದ ಹಿಡಿತದಲ್ಲಿದ್ದ ಹತ್ತಿರದ ಜಾಗ ಅಂದರೆ ಬೆಟ್ಟದಾಚೆಯ ಗ್ರೆಬಾಕ್, ಸುಮಾರು 40 ಕಿ.ಮೀ. ಕಾಲ್ನಡಿಗೆ. ರಾತ್ರಿ ಹೊರಟು, ಶತ್ರುವಿನ ಸಾಲುಗಳ ನಡುವೆ ನುಸುಳಿ, ಮೂಟೆ ಹೊತ್ತು ವಾಪಸ್ ಬರಬೇಕು. ಗಂಡಸರು, ಹೆಂಗಸರು, ಮೀಸೆ ಚಿಗುರದ ಹುಡುಗರು, ಎಲ್ಲರೂ ಹೋದರು. ಚಳಿಗಾಲದಲ್ಲಿ ಕೆಲವರು ದಾರಿಯಲ್ಲೇ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು.

ಇನ್ನೊಂದು, ಕರೆಂಟು. ಲೈನು ಕಡಿದುಹೋಗಿತ್ತು. ಪೊಬ್ಯೆದಾದಲ್ಲಿ ಕೆಲಸ ಕಲಿತ ಕೈಗಳು ಸುಮ್ನೆ ಕೂರುತ್ತವೆಯೇ? ಡ್ರಮ್ಮು, ಹಲಗೆ, ತಗಡು ಸೇರಿಸಿ ತೇಲುವ ನೀರುಚಕ್ರ ಮಾಡಿದರು. ಹಳೆ ಕಾರಿನ ಆಲ್ಟರ್ನೇಟರು, ಕೆಟ್ಟ ಯಂತ್ರಗಳ ಮೋಟಾರು ತಂದು ಅದಕ್ಕೆ ಜೋಡಿಸಿದರು. ಸೇತುವೆಗೆ ಹಗ್ಗ, ಸರಪಳಿ ಬಿಗಿದು ಡ್ರೀನಾದ ಹರಿವಿನಲ್ಲಿ ತೇಲಿಬಿಟ್ಟರು. ಅಲ್ಲಿಂದ ಒಂದು ತಂತಿ ಮನೆಗೆ. ಒಂದು ಬಲ್ಬು ಮಿಣಕ್ ಅಂದರೆ, ರೇಡಿಯೊದಲ್ಲಿ ಸುದ್ದಿ ಬಂದರೆ ಸಾಕು. ನದಿಯ ಉದ್ದಕ್ಕೂ ಇಂಥವು ಸಾಲಾಗಿ ತಿರುಗುತ್ತಿದ್ದವು. ಅದೇ ಸೇತುವೆಯ ಮೇಲೆ ನಡೆದರೆ ಬೆಟ್ಟದ ಮೇಲಿನ ಸ್ನೈಪರ್ ಹೊಡೆಯುತ್ತಿದ್ದ. ಅದಕ್ಕೆ ಸೇತುವೆಯ ಅಡಿಯಲ್ಲೇ, ನೀರಿನ ಮೇಲೆ ತೂಗುವ ಹಾಗೆ, ಮರದ ಇನ್ನೊಂದು ಕಾಲುದಾರಿ ಕಟ್ಟಿದರು. ಮೇಲಿನ ಕಾಂಕ್ರೀಟೇ ಸೂರು. ಆ ಕಾಲುದಾರಿಯನ್ನು ನೆನಪಿಗಾಗಿ ಉಳಿಸಿಕೊಂಡಿದ್ದಾರೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಮಾಡಬಹುದಾದ ವಿಷಯ ಇದು, ನನ್ನ ಕೇಳಿದರೆ.

ಊರು ಯಾಕೆ ಬೀಳಲಿಲ್ಲ ಅನ್ನೋ ಪ್ರಶ್ನೆಗೆ ಬರೋಣ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1993ರ ಮೇ ತಿಂಗಳಲ್ಲಿ 824ನೇ ನಿರ್ಣಯದ ಮೂಲಕ ಗೊರಾಜ್ದೆಯನ್ನು ‘ಸುರಕ್ಷಿತ ಪ್ರದೇಶ’ ಎಂದು ಘೋಷಿಸಿತು. ಹೆಸರಿಗೆ ಸುರಕ್ಷಿತ. ಕಾಯಲು ಬೇಕಾದಷ್ಟು ಸೈನ್ಯವನ್ನು ಯಾವ ದೇಶವೂ ಕೊಡಲಿಲ್ಲ. (ಹಳೇ ಯುಗೊಸ್ಲಾವಿಯಾದ ಈ ಶಾಂತಿಪಡೆಗೆ ಮೊದಲ ದಂಡನಾಯಕರಾಗಿದ್ದವರು ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್, ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯವರು. 1992ರ ಮಾರ್ಚ್‌ನಿಂದ ಒಂದು ವರ್ಷ ಇದ್ದು, ಮುಂದುವರಿಯಲು ಒಪ್ಪದೆ ವಾಪಸ್ ಬಂದರು.) ಸ್ರೆಬ್ರೆನಿತ್ಸಾ, ಜೆಪಾ ಕೂಡ ಇದೇ ‘ಸುರಕ್ಷಿತ’ ಪಟ್ಟಿಯಲ್ಲಿದ್ದವು. ಆದರೆ ಒಂದು ದೊಡ್ಡ ವ್ಯತ್ಯಾಸ ಇತ್ತು. ಆ ಎರಡು ಊರುಗಳಲ್ಲಿ ಆಯುಧ ಒಪ್ಪಿಸಬೇಕೆಂಬ ಒಪ್ಪಂದ ಆಗಿತ್ತು. ಗೊರಾಜ್ದೆ ಆಯುಧ ಬಿಡಲಿಲ್ಲ. ಜನಬಲ ಜಾಸ್ತಿ ಇತ್ತು, ಮದ್ದಿನ ಕಾರ್ಖಾನೆ ಇತ್ತು, ಸಾವಿರಾರು ಸೈನಿಕರಿದ್ದರು.

1994ರ ಏಪ್ರಿಲ್‌ನಲ್ಲಿ ಸರ್ಬ್ ಪಡೆಗಳು ಊರಿನ ಅಂಚಿನವರೆಗೂ ಬಂದವು. ಏಪ್ರಿಲ್ 10 ಮತ್ತು 11ರಂದು ನೇಟೊ ವಿಮಾನಗಳು ಗೊರಾಜ್ದೆಯ ಹತ್ತಿರ ಬಾಂಬ್ ಹಾಕಿದವು. ನೇಟೊ ತನ್ನ ಇತಿಹಾಸದಲ್ಲಿ ನೆಲದ ಮೇಲಿನ ಗುರಿಗೆ ಬಾಂಬ್ ಹಾಕಿದ್ದು ಅದೇ ಮೊದಲು. 16ರಂದು ಬ್ರಿಟನ್ನಿನ ಒಂದು ಸೀ ಹ್ಯಾರಿಯರ್ ವಿಮಾನವನ್ನು ಹೊಡೆದುರುಳಿಸಲಾಯಿತು. ಕೊನೆಗೆ ನೇಟೊ ಗಡುವು ಕೊಟ್ಟಿತು: ಊರಿನ ಮಧ್ಯದಿಂದ 3 ಕಿ.ಮೀ. ಹಿಂದೆ ಸರಿಯಿರಿ, ಭಾರಿ ಫಿರಂಗಿಗಳನ್ನು 20 ಕಿ.ಮೀ. ಆಚೆ ಒಯ್ಯಿರಿ. ಮರುವರ್ಷ ಜುಲೈ 11ಕ್ಕೆ ಸ್ರೆಬ್ರೆನಿತ್ಸಾ ಬಿತ್ತು, ಹಿಂದೆಯೇ ಜೆಪಾ. ಮುಂದಿನ ಸರದಿ ಗೊರಾಜ್ದೆ ಅಂತ ಎಲ್ಲರಿಗೂ ಗೊತ್ತಿತ್ತು. ಜುಲೈ 21ರಂದು ಲಂಡನ್‌ನಲ್ಲಿ ಸೇರಿದ ಪಾಶ್ಚಾತ್ಯ ದೇಶಗಳು, ಗೊರಾಜ್ದೆಯನ್ನು ಮುಟ್ಟಿದರೆ ದೊಡ್ಡ ಮಟ್ಟದ ವಾಯುದಾಳಿ ಮಾಡುತ್ತೇವೆ ಎಂದು ಎಚ್ಚರಿಸಿದವು. ಎಂಟು ಸಾವಿರ ಜನ ಸತ್ತ ಮೇಲೆ ಬಂದ ಬುದ್ಧಿ.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಉಳಿಸಿದವರೇ ಬಿಟ್ಟುಕೊಡಲೂ ತಯಾರಿದ್ದರು. ಅದೇ ಬೇಸಿಗೆಯಲ್ಲಿ ವಾಷಿಂಗ್ಟನ್ನಿನಲ್ಲಿ ತಯಾರಾದ ಯೋಜನೆಯಲ್ಲಿ, ಗೊರಾಜ್ದೆಯನ್ನು ಸರ್ಬರಿಗೆ ಕೊಟ್ಟು, ಬದಲಿಗೆ ಸರಾಯೆವೊ ಸುತ್ತಲಿನ ಜಾಗ ಪಡೆಯುವ ವಿಚಾರ ಇತ್ತು. ನಕ್ಷೆಯಲ್ಲಿ ನೋಡಿದರೆ ಲೆಕ್ಕ ಸರಿ. ಸರಾಯೆವೊ ಸರ್ಕಾರ ಒಪ್ಪಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಮುತ್ತಿಗೆ ತಾಳಿದ, ಹಿಮದಲ್ಲಿ ಹಿಟ್ಟು ಹೊತ್ತ ಜನರಿಗೆ ‘ಊರು ಖಾಲಿ ಮಾಡಿ’ ಅಂತ ಯಾವ ಬಾಯಲ್ಲಿ ಹೇಳುವುದು?

1995ರ ನವೆಂಬರ್‌ನಲ್ಲಿ ಅಮೆರಿಕದ ಡೇಟನ್ ವಾಯುನೆಲೆಯಲ್ಲಿ ಸಂಧಾನ. ಬೋಸ್ನಿಯಾ ಒಂದೇ ದೇಶ, ಆದರೆ ಒಳಗೆ ಎರಡು ಘಟಕ: ಬೋಸ್ನಿಯಾಕ್‌ ಮತ್ತು ಕ್ರೊಯೇಟರ ಫೆಡರೇಷನ್‌ಗೆ ನೂರಕ್ಕೆ 51 ಭಾಗ ನೆಲ, ಸರ್ಬರ ರೆಪುಬ್ಲಿಕಾ ಸ್ರಪ್ಸ್ಕಾಕ್ಕೆ 49. ಗೊರಾಜ್ದೆ ಫೆಡರೇಷನ್ನಿಗೆ ಅಂತಾಯಿತು. ಆದರೆ ಸುತ್ತ ಎಲ್ಲಾ ಸರ್ಬರ ನೆಲ. ಸರಾಯೆವೊಗೆ ಸೇರಿಸಲು ಒಂದು ಪಟ್ಟಿ ಜಾಗ ಬೇಕು. ಸರ್ಬರ ಪರವಾಗಿ ಮಾತಾಡುತ್ತಿದ್ದ ಸರ್ಬಿಯಾದ ಅಧ್ಯಕ್ಷ ಮಿಲೊಶೆವಿಚ್ ಮೊದಲು ಒಂದು ಸಪೂರ ಪಟ್ಟಿ ಕೊಡಲು ಮುಂದಾದ. ಆಗ ಅಮೆರಿಕದ ಸೈನ್ಯಾಧಿಕಾರಿಗಳು ಅವನನ್ನು ಕಂಪ್ಯೂಟರ್ ಮುಂದೆ ಕೂರಿಸಿ, ವಿಮಾನದಿಂದ ನೋಡಿದ ಹಾಗೆ ಬೆಟ್ಟ ಕಣಿವೆಗಳನ್ನು ತೋರಿಸಿದರು. ಈ ಬೆಟ್ಟಗಳ ನಡುವೆ ಇಷ್ಟು ಸಣ್ಣ ಜಾಗದಲ್ಲಿ ರಸ್ತೆ ಆಗುವುದಿಲ್ಲ ನೋಡಿ ಅಂತ. ಕುಡಿಯುತ್ತಾ, ನೋಡುತ್ತಾ, ಚೌಕಾಸಿ ಮಾಡುತ್ತಾ, ಕೊನೆಗೆ ಸುಮಾರು 8 ಕಿ.ಮೀ. ಅಗಲದ ಪಟ್ಟಿಗೆ ಮಿಲೊಶೆವಿಚ್ ಒಪ್ಪಿದ. ಅಮೆರಿಕದವರು ತಮಾಷೆಗೆ ಅದಕ್ಕೆ ‘ಸ್ಕಾಚ್ ರೋಡ್’ ಅಂತ ಹೆಸರಿಟ್ಟರು. ಒಂದು ಊರಿನ ಹಣೆಬರಹ ವಿಸ್ಕಿ ಗ್ಲಾಸಿನ ಪಕ್ಕ ತೀರ್ಮಾನವಾಯಿತು ಎಂದು ಓದಿದರೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ತಮಾಷೆಯ ಮುಂದಿನ ಭಾಗ ಕೇಳಿ. ಆ ಪಟ್ಟಿ ನಕ್ಷೆಯಲ್ಲಿ ಇದೆ. ಅದರೊಳಗೆ ಒಳ್ಳೆಯ ರಸ್ತೆ ಮಾತ್ರ ಇಂದಿಗೂ ಇಲ್ಲ. ಬೆಟ್ಟದ ಮೇಲೆ ಅಲ್ಲಲ್ಲಿ ಕೆಲಸ ನಡೆಯಿತು, ನಿಂತಿತು. ಇವತ್ತಿಗೂ ಗೊರಾಜ್ದೆಯಿಂದ ಸರಾಯೆವೊಗೆ ಹೋಗುವವರು ಸಾಮಾನ್ಯವಾಗಿ ಹಿಡಿಯುವುದು ಪ್ರಾಚಾ ಕಡೆಯ ರಸ್ತೆ. ಅದು ನಡುವೆ ರೆಪುಬ್ಲಿಕಾ ಸ್ರಪ್ಸ್ಕಾದ ನೆಲವನ್ನು ಹಾದುಹೋಗುತ್ತದೆ. ದೂರ ನೂರು ಕಿ.ಮೀ. ಕೂಡ ಇಲ್ಲ, ತಿರುವು, ಏರು, ಚಳಿಗಾಲದ ಹಿಮ ಸೇರಿ ಎರಡು ಗಂಟೆ ಬೇಕು. ಯುದ್ಧ ಮುಗಿದ ಹೊಸದರಲ್ಲಿ ಬಸ್ಸುಗಳು ನೇಟೊ ಸೈನಿಕರ ಕಾವಲಿನಲ್ಲಿ ಹೋಗುತ್ತಿದ್ದವು. ಈಗ ಯಾರೂ ತಡೆಯುವುದಿಲ್ಲ, ಚೆಕ್‌ಪೋಸ್ಟ್ ಇಲ್ಲ. ಆದರೆ ಆ ದಾರಿಯ ಕಡಿದಾದ ಭಾಗವನ್ನು ತಪ್ಪಿಸುವ ಹ್ರಾನ್ಯೆನ್ ಸುರಂಗದ ಕೆಲಸ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಳೆದಾಡಿದೆ. ದುಡ್ಡು, ಗುತ್ತಿಗೆ, ಯಾರ ಜವಾಬ್ದಾರಿ ಅನ್ನುವ ಜಗಳ. ಚುನಾವಣೆ ಬಂದಾಗೆಲ್ಲ ಸುರಂಗದ ಬಾಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಅಲ್ಲೂ ಬರವಿಲ್ಲ.

ಡೇಟನ್ ಗೆರೆ ಊರಿನ ನೆಲವನ್ನೂ ಸೀಳಿತು. ಯುದ್ಧದ ಮುಂಚಿನ ಗೊರಾಜ್ದೆ ಪುರಸಭೆಯ ಒಂದು ಭಾಗ, ಕೊಪಾಚಿ ಮತ್ತು ಸುತ್ತಲಿನ ಹಳ್ಳಿಗಳು, ರೆಪುಬ್ಲಿಕಾ ಸ್ರಪ್ಸ್ಕಾಕ್ಕೆ ಹೋದವು. ಅಲ್ಲಿ ಹೊಸ ಪುರಸಭೆ ಹುಟ್ಟಿತು, ‘ಸ್ರಪ್ಸ್ಕೊ ಗೊರಾಜ್ದೆ’ ಅಂತ. ಒಂದು ಜನಾಂಗದ ಹೆಸರನ್ನು ಊರಿಗೆ ಅಂಟಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಸಂವಿಧಾನ ನ್ಯಾಯಾಲಯ 2004ರಲ್ಲಿ ಹೇಳಿತು. ಹಾಗಾಗಿ ಈಗ ಅದು ‘ನೋವೊ ಗೊರಾಜ್ದೆ’, ಹೊಸ ಗೊರಾಜ್ದೆ. 2013ರ ಜನಗಣತಿಯಲ್ಲಿ ಅಲ್ಲಿದ್ದವರು ಮೂರು ಸಾವಿರದ ಆಸುಪಾಸು. ಕೆಲವೇ ಕಿ.ಮೀ. ಅಂತರದಲ್ಲಿ ಎರಡು ಪುರಸಭೆ, ಎರಡು ಪೊಲೀಸ್ ವ್ಯವಸ್ಥೆ, ಎರಡು ಶಾಲಾ ಪಠ್ಯ. ಸರ್ಬ್ ಮನೆಯವರು ಬೆಳಗ್ಗೆ ಸಂತೆಗೆ ಗೊರಾಜ್ದೆಗೆ ಬರುತ್ತಾರೆ, ಮಕ್ಕಳು ಓದುವುದು ಇನ್ನೊಂದು ಇತಿಹಾಸ.

ಆಸ್ತಿಯ ವಿಷಯವೂ ಇದೇ ಕಾಲದ್ದು. ಸರ್ಬರು ಬಿಟ್ಟುಹೋದ ಫ್ಲಾಟುಗಳಲ್ಲಿ ಫೋಚಾ, ವಿಶೆಗ್ರಾಡ್‌ನಿಂದ ಓಡಿಬಂದವರು ಕೂತಿದ್ದರು. ಅವರ ಮನೆಗಳಲ್ಲಿ ಅಲ್ಲಿ ಬೇರೆಯವರು ಕೂತಿದ್ದರು. 1990ರ ದಶಕದ ಕೊನೆಯಿಂದ ಅಂತರರಾಷ್ಟ್ರೀಯ ಒತ್ತಡದಲ್ಲಿ ಎಲ್ಲರ ಆಸ್ತಿ ಎಲ್ಲರಿಗೂ ವಾಪಸ್ ಕೊಡಿಸಲಾಯಿತು. ಕಾಗದದ ಮೇಲೆ ಇದು ದೊಡ್ಡ ಯಶಸ್ಸು. ದೇಶದಾದ್ಯಂತ ಎರಡು ಲಕ್ಷದಷ್ಟು ಮನೆಗಳು ಮಾಲೀಕರ ಕೈಸೇರಿದವು. ಬಹಳಷ್ಟು ಜನ ಮಾಡಿದ್ದೇನು? ಬೀಗದ ಕೈ ತಗೊಂಡರು, ಮನೆ ಮಾರಿದರು, ತಮ್ಮವರು ಜಾಸ್ತಿ ಇರುವ ಕಡೆ ಹೋದರು. ಗೊರಾಜ್ದೆಯಲ್ಲಿ 2013ರ ಲೆಕ್ಕದಲ್ಲಿ ಸರ್ಬರು ನೂರಕ್ಕೆ ಮೂರು ನಾಲ್ಕು ಮಂದಿ ಮಾತ್ರ.

ಈಗ ದುಡಿಮೆಯ ವಿಷಯ. ಯುದ್ಧದ ನಂತರ ಖಾಸಗೀಕರಣದಲ್ಲಿ ಪೊಬ್ಯೆದಾ ಹಲವು ಕಂಪನಿಗಳಾಗಿ ಹಂಚಿಹೋಯಿತು. ಬೋಸ್ನಿಯಾದ ಬಹಳ ಊರುಗಳಲ್ಲಿ ಈ ಕಥೆ ಇಲ್ಲಿಗೇ ಮುಗಿಯುತ್ತದೆ: ಯಾರೋ ಕಡಿಮೆಗೆ ಕೊಂಡು, ಯಂತ್ರ ಮಾರಿ, ನೆಲ ಇಟ್ಟುಕೊಂಡು ಕೂರುತ್ತಾರೆ. ಗೊರಾಜ್ದೆಯಲ್ಲಿ ಹಾಗಾಗಲಿಲ್ಲ. ಕೆಲಸ ಗೊತ್ತಿದ್ದ ಜನ ಅಲ್ಲೇ ಇದ್ದರು, ಆ ಕೈಗಳ ಸುತ್ತ ಹೊಸ ಕಂಪನಿಗಳು ಬೆಳೆದವು. ‘ಬೆಕ್ಟೊ ಪ್ರೆಸಿಸಾ’ ಅಚ್ಚುಗಳನ್ನು, ಪ್ಲಾಸ್ಟಿಕ್ ಬಿಡಿಭಾಗಗಳನ್ನು ಮಾಡಿ ಯುರೋಪಿನ ವಾಹನ ಕಂಪನಿಗಳಿಗೆ ಕಳಿಸುತ್ತದೆ. ‘ಎಮ್ಕಾ’ ವಿದ್ಯುತ್ ಸ್ವಿಚ್ ಮಾಡುತ್ತದೆ. ‘ಪ್ರಿವೆಂಟ್’ ಗುಂಪಿನ ಘಟಕದಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುತ್ತಾರೆ.

ಹಳೇ ಮದ್ದಿನ ಕಸುಬೂ ನಿಂತಿಲ್ಲ. ತೋಟೆಯ ತಳದಲ್ಲಿ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ, ಶರ್ಟಿನ ಗುಂಡಿಗಿಂತ ಚಿಕ್ಕದು. ಬಂದೂಕಿನ ಪಿನ್ನು ಬಡಿದಾಗ ಅದರೊಳಗಿನ ಚಿಟಿಕೆ ಮದ್ದು ಕಿಡಿ ಹಾರಿಸುತ್ತದೆ, ಆಗಲೇ ಗುಂಡು ಹೊರಡುವುದು. ಇದನ್ನು ಮಾಡುವುದು ‘ಯೂನಿಸ್ ಗಿನೆಕ್ಸ್’. ಕೋವಿಡ್ ನಂತರ ಅಮೆರಿಕದಲ್ಲಿ ಈ ಬಟ್ಟಲುಗಳಿಗೆ ವಿಪರೀತ ಅಭಾವ ಬಂದಾಗ, ಮನೆಯಲ್ಲೇ ತೋಟೆ ತುಂಬಿಕೊಳ್ಳುವ ಹವ್ಯಾಸದ ಅಮೆರಿಕನ್ನರು ಈ ಬೋಸ್ನಿಯಾ ಪೊಟ್ಟಣಗಳಿಗಾಗಿ ಹುಡುಕಾಡಿದರು. ಉಕ್ರೇನ್ ಯುದ್ಧ ಶುರುವಾದ ಮೇಲಂತೂ ಬೋಸ್ನಿಯಾದ ಮದ್ದುಗುಂಡಿಗೆ ಬೇಡಿಕೆ ಇನ್ನೂ ಏರಿತು. ಮದ್ದುಗುಂಡಿನ ಮಳೆಯಲ್ಲಿ ಬದುಕುಳಿದ ಊರು ಇನ್ನೊಬ್ಬರ ಯುದ್ಧದಿಂದ ಸಂಬಳ ಎಣಿಸುತ್ತಿದೆ. ಇದನ್ನು ನೈತಿಕ ಪಾಠ ಮಾಡಲು ನನಗೆ ಇಷ್ಟವಿಲ್ಲ. ಬೇರೆ ಯಾವ ಕಾರ್ಖಾನೆಯನ್ನು ಯಾರು ಅಲ್ಲಿಗೆ ತಂದುಕೊಟ್ಟರು?

ಆದರೆ ಈ ದುಡಿಮೆಯ ಬುಡ ಸಡಿಲ. ಬಹುಪಾಲು ಕೆಲಸ ಜರ್ಮನಿಯ ಕಾರು ಉದ್ಯಮಕ್ಕೆ ಕಟ್ಟಿಕೊಂಡಿದೆ. 2016ರ ಆಗಸ್ಟ್‌ನಲ್ಲಿ ಪ್ರಿವೆಂಟ್ ಗುಂಪಿಗೂ ಫೋಕ್ಸ್‌ವ್ಯಾಗನ್‌ಗೂ ಜಗಳವಾಗಿ, ಗುಂಪಿನ ಎರಡು ಜರ್ಮನ್ ಕಂಪನಿಗಳು ಬಿಡಿಭಾಗ ಕಳಿಸುವುದನ್ನೇ ನಿಲ್ಲಿಸಿದವು. ವೋಲ್ಫ್ಸ್‌ಬುರ್ಗ್‌ನಲ್ಲಿ ಗಾಲ್ಫ್ ಕಾರಿನ ಉತ್ಪಾದನೆ ಕೆಲವು ದಿನ ನಿಂತುಹೋಯಿತು. ಬೋಸ್ನಿಯಾ ಮೂಲದ ಒಂದು ಗುಂಪು ಯುರೋಪಿನ ದೈತ್ಯನ ಕೈ ತಿರುಚಿದ್ದನ್ನು ಅಲ್ಲಿನವರು ಹೆಮ್ಮೆಯಿಂದ ಹೇಳಿಕೊಂಡರು. ಆದರೆ ಅದರ ಇನ್ನೊಂದು ಮುಖವೂ ಇದೆ. ಕೊಳ್ಳುವವನು ಒಬ್ಬನೇ ಆದಾಗ ಅವನ ಮೂಗಿಗೆ ನೆಗಡಿಯಾದರೆ ಇಲ್ಲಿ ಜ್ವರ. ಈಗ ಜರ್ಮನಿಯ ಕಾರು ಉದ್ಯಮವೇ ಚೀನಾದ ಎಲೆಕ್ಟ್ರಿಕ್ ಕಾರುಗಳ ಹೊಡೆತಕ್ಕೆ ತತ್ತರಿಸುತ್ತಿದೆ.

ಸಂಬಳದ ಮಾತು ಬಂದರೆ, 2025ರ ಜನವರಿ 1ರಿಂದ ಫೆಡರೇಷನ್‌ನಲ್ಲಿ ಕನಿಷ್ಠ ವೇತನ ತಿಂಗಳಿಗೆ 619 ಮಾರ್ಕ್‌ನಿಂದ ಒಮ್ಮೆಲೇ 1,000 ಮಾರ್ಕ್‌ಗೆ ಏರಿತು. ಕೈಗೆ ಬರುವ ದುಡ್ಡು ಇದು. ಬೋಸ್ನಿಯಾದ ಮಾರ್ಕ್ ಯೂರೋಗೆ ಕಟ್ಟಿಹಾಕಿದ ಹಣ, 1 ಯೂರೋಗೆ 1.95583 ಮಾರ್ಕ್. ನಮ್ಮ ಲೆಕ್ಕದಲ್ಲಿ ಹೊಸ ಕನಿಷ್ಠ ವೇತನ ಸುಮಾರು 50 ಸಾವಿರ ರೂಪಾಯಿ. ಕೆಲಸಗಾರರಿಗೆ ಖುಷಿ. ಹೊಲಿಗೆ, ಚರ್ಮದ ಕೆಲಸದ ಮಾಲೀಕರು ತಲೆ ಮೇಲೆ ಕೈ ಹೊತ್ತರು, ಈ ಸಂಬಳಕ್ಕೆ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತದೆ ಅಂತ. ಇಬ್ಬರ ಮಾತಲ್ಲೂ ನಿಜ ಇದೆ. ಅದೇ ಹುಡುಗಿ ಅದೇ ಹೊಲಿಗೆಯನ್ನು ಜರ್ಮನಿಗೆ ಹೋಗಿ ಹೊಲಿದರೆ ಸಿಗುವುದು ಇದರ ಮೂರರಷ್ಟು. ಜರ್ಮನಿಗೆ ಹೋಗುವುದೂ ಕಷ್ಟವಲ್ಲ. ಪಶ್ಚಿಮ ಬಾಲ್ಕನ್ ದೇಶದವರಿಗೆ ಡಿಗ್ರಿ ಇಲ್ಲದಿದ್ದರೂ, ಕೆಲಸ ಕೊಡುವವರ ಪತ್ರ ಇದ್ದರೆ ವೀಸಾ ಕೊಡುವ ನಿಯಮವನ್ನು ಜರ್ಮನಿ 2016ರಿಂದ ಜಾರಿಯಲ್ಲಿಟ್ಟಿದೆ. 2024ರ ಜೂನ್‌ನಲ್ಲಿ ಅದರ ವಾರ್ಷಿಕ ಮಿತಿಯನ್ನು 50 ಸಾವಿರಕ್ಕೆ ಏರಿಸಿತ್ತು. ತನ್ನ ಕಾರಿಗೆ ಸೀಟು ಹೊಲಿಯುವ ಊರಿನಿಂದ ಹೊಲಿಯುವವರನ್ನೂ ಕರೆಸಿಕೊಳ್ಳುತ್ತಿದೆ, ಅಷ್ಟೇ. ಖಾಲಿಯಾದ ಜಾಗಗಳಿಗೆ ಬೋಸ್ನಿಯಾದ ಮಾಲೀಕರು ಈಗ ನೇಪಾಳ, ಬಾಂಗ್ಲಾದೇಶ, ಭಾರತದಿಂದ ಕೆಲಸಗಾರರನ್ನು ತರಿಸುತ್ತಿದ್ದಾರೆ.

ಸಂಬಳವೊಂದೇ ಕಾರಣವಾಗಿದ್ದರೆ ವಿಷಯ ಸರಳವಿತ್ತು. ಸಂಬಳ ಏರಿದ ಮೇಲೆ ಹೊರಡುವವರು ಕಡಿಮೆಯಾಗಬೇಕಿತ್ತು. ಆದರೆ ಬಾಲ್ಕನ್‌ನಲ್ಲಿ ಹೊರಡುವವರನ್ನು ಕೇಳಿದರೆ ಸಂಬಳದ ಜೊತೆ ಇನ್ನೊಂದು ಮಾತು ಬಂದೇ ಬರುತ್ತದೆ: ಇಲ್ಲಿ ಏನೂ ಬದಲಾಗುವುದಿಲ್ಲ. ನನ್ನ ಪ್ರಕಾರ ಗೊರಾಜ್ದೆಯ ಸಮಸ್ಯೆಯ ಬುಡ ಇರುವುದು ಇಲ್ಲೇ. ಫ್ಯಾಕ್ಟರಿ ಕೆಲಸ ಕೊಡಬಹುದು. ಆದರೆ ಮಗುವಿಗೆ ಜ್ವರ ಏರಿದ ರಾತ್ರಿ ಸರಾಯೆವೊದ ದೊಡ್ಡಾಸ್ಪತ್ರೆಗೆ ಬೇಗ ಮುಟ್ಟುವ ರಸ್ತೆಯನ್ನು ಅದು ಹಾಕಿಕೊಡಲಾರದು. ಹಾಕಬೇಕಾದ ಸರ್ಕಾರ ಯಾವುದು ಅಂತ ಹುಡುಕಿದರೆ ಡೇಟನ್‌ಗೆ ಬಂದು ನಿಲ್ಲುತ್ತೇವೆ.

ಫೆಡರೇಷನ್ ಒಳಗೆ ಹತ್ತು ಕ್ಯಾಂಟನ್‌ಗಳಿವೆ, ಅಂದರೆ ಒಂಥರಾ ಸಣ್ಣ ರಾಜ್ಯಗಳು. ಗೊರಾಜ್ದೆಗೆ ಅದರದ್ದೇ ಕ್ಯಾಂಟನ್: ಗೊರಾಜ್ದೆ, ಪಾಲೆ-ಪ್ರಾಚಾ, ಫೋಚಾ-ಉಸ್ತಿಕೊಲಿನಾ ಎಂಬ ಮೂರು ಪುರಸಭೆಗಳು. ವಿಸ್ತೀರ್ಣ ಸುಮಾರು 505 ಚದರ ಕಿ.ಮೀ. 2013ರಲ್ಲಿ ಒಟ್ಟು ಜನಸಂಖ್ಯೆ 23,734. ನಮ್ಮಲ್ಲಾದರೆ ಒಂದು ಹೋಬಳಿ, ಒಬ್ಬ ಉಪತಹಶೀಲ್ದಾರರು, ಮುಗಿಯಿತು. ಅಲ್ಲಿ ಅದಕ್ಕೊಂದು ಸಂವಿಧಾನ, 25 ಸದಸ್ಯರ ಶಾಸನಸಭೆ, ಒಬ್ಬ ಪ್ರಧಾನಿ, ಶಿಕ್ಷಣಕ್ಕೆ ಆರೋಗ್ಯಕ್ಕೆ ಹಣಕಾಸಿಗೆ ಬೇರೆಬೇರೆ ಮಂತ್ರಿಗಳು, ಸ್ವಂತ ಪೊಲೀಸ್, ಸ್ವಂತ ನ್ಯಾಯಾಲಯ. ಇದರ ಮೇಲೆ ಫೆಡರೇಷನ್ ಸರ್ಕಾರ, ಅದರ ಮೇಲೆ ದೇಶದ ಸರ್ಕಾರ, ಎಲ್ಲರ ಮೇಲೆ ಡೇಟನ್ ಒಪ್ಪಂದದ ಉಸ್ತುವಾರಿಗೆ ಹೊರಗಿನವರು ನೇಮಿಸುವ ಹೈ ರೆಪ್ರೆಸೆಂಟೇಟಿವ್. ರಸ್ತೆ ಯಾರ ಕೆಲಸ ಅಂದರೆ ಎಲ್ಲರೂ ಮೇಲೆ ಅಥವಾ ಪಕ್ಕಕ್ಕೆ ಬೆರಳು ತೋರಿಸುತ್ತಾರೆ. ನಡುವೆ ಇನ್ನೊಂದು ಘಟಕದ ನೆಲ ಬಂದರೆ ಕೇಳುವುದೇ ಬೇಡ.

ಆ ಇನ್ನೊಂದು ಘಟಕ ಸುಮ್ಮನಿಲ್ಲ. ರೆಪುಬ್ಲಿಕಾ ಸ್ರಪ್ಸ್ಕಾದ ನಾಯಕ ಮಿಲೊರಾದ್ ಡೊಡಿಕ್ ವರ್ಷಗಳಿಂದ ‘ಬೇರೆಯಾಗುತ್ತೇವೆ’ ಅಂತ ಹೇಳುತ್ತಲೇ ಬಂದವರು. ಹೈ ರೆಪ್ರೆಸೆಂಟೇಟಿವ್ ಆದೇಶ ಧಿಕ್ಕರಿಸಿದ್ದಕ್ಕೆ 2025ರ ಫೆಬ್ರವರಿಯಲ್ಲಿ ನ್ಯಾಯಾಲಯ ಅವರಿಗೆ ಒಂದು ವರ್ಷ ಜೈಲು, ಆರು ವರ್ಷ ರಾಜಕೀಯ ನಿಷೇಧ ವಿಧಿಸಿತು. ಆಗಸ್ಟ್‌ನಲ್ಲಿ ಮೇಲ್ಮನವಿಯೂ ಬಿದ್ದು ಅಧ್ಯಕ್ಷ ಪದವಿ ಹೋಯಿತು. ಸರಾಯೆವೊದಲ್ಲಿ ಕೂತವರಿಗೆ ಇದು ರಾಜಕೀಯ ಸುದ್ದಿ. ಗೊರಾಜ್ದೆಯವರಿಗೆ ಹಾಗಲ್ಲ. ‘ಬೇರೆಯಾಗುತ್ತೇವೆ’ ಅಂದರೆ ಅವರಿಗೆ ಕೇಳಿಸುವುದು ‘ನಿಮ್ಮ ರಸ್ತೆ ನಮ್ಮ ಕೈಯಲ್ಲಿದೆ’ ಅಂತ. ಯುದ್ಧ ಮತ್ತೆ ಆಗುತ್ತದೆ ಅಂತ ನನಗನಿಸುವುದಿಲ್ಲ. ಆದರೆ ನಲವತ್ತು ವಯಸ್ಸಿನ ಅಪ್ಪ, ಹುಡುಗನಾಗಿದ್ದಾಗ ಆ ಮುತ್ತಿಗೆಯೊಳಗೆ ಬೆಳೆದವನು, ಮಗ ಜರ್ಮನಿಗೆ ಹೋಗುತ್ತೇನೆ ಅಂದಾಗ ಬೇಡ ಅನ್ನಲು ಬಾಯಿ ಬರುವುದಿಲ್ಲ.

ನದಿಯ ಕೆಳಗಿನ ವಿಶೆಗ್ರಾಡ್ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟ. 1991ರಲ್ಲಿ ಅಲ್ಲಿ 21 ಸಾವಿರ ಜನ, ಹೆಚ್ಚಿನವರು ಬೋಸ್ನಿಯಾಕರು. 1992ರಲ್ಲಿ ಅವರನ್ನು ಕೊಂದರು, ಓಡಿಸಿದರು. 2013ರಲ್ಲಿ ಉಳಿದದ್ದು 10 ಸಾವಿರ ಚಿಲ್ಲರೆ, ಹೆಚ್ಚಿನವರು ಸರ್ಬರು. ಅಲ್ಲಿ ಯುನೆಸ್ಕೊ ಪಟ್ಟಿಯ ಒಟ್ಟೋಮನ್ ಸೇತುವೆ ಇದೆ, ಪ್ರವಾಸಿಗರು ಬರುತ್ತಾರೆ, ಸಿನಿಮಾ ನಿರ್ದೇಶಕ ಕುಸ್ತುರಿತ್ಸಾ ಕಟ್ಟಿಸಿದ ಕಲ್ಲಿನ ಹೊಸ ಪೇಟೆಯೂ ಇದೆ. ಕಾರ್ಖಾನೆ ಇರುವ ಊರೂ ಖಾಲಿ, ಪ್ರವಾಸೋದ್ಯಮದ ಊರೂ ಖಾಲಿ, ಗೆದ್ದವರ ಊರೂ ಖಾಲಿ, ಉಳಿದುಕೊಂಡವರ ಊರೂ ಖಾಲಿ. ಗೊರಾಜ್ದೆಯ ಸಂಖ್ಯೆ 2013ಕ್ಕೆ 20,897ಕ್ಕೆ ಇಳಿದಿತ್ತು. ಇದರಲ್ಲಿ ಕೊಪಾಚಿ ಭಾಗ ಬೇರೆಯಾದದ್ದೂ ಸೇರಿದೆ ಅನ್ನುವುದನ್ನು ಮರೆಯಬಾರದು. ಅದನ್ನು ಕೂಡಿಸಿದರೂ ಹಳೇ 37 ಸಾವಿರಕ್ಕೆ 24 ಸಾವಿರವೇ.

ಕ್ಯಾಂಟನ್‌ಗಳನ್ನು ತೆಗೆದುಹಾಕಿ, ಅಥವಾ ಸಣ್ಣವನ್ನು ದೊಡ್ಡವಕ್ಕೆ ಸೇರಿಸಿ ಅನ್ನುವ ಸಲಹೆ ಆಗಾಗ ಬರುತ್ತದೆ. ಹೊರಗಿನಿಂದ ನೋಡುವ ನನಗೂ ಅದೇ ಸರಿ ಅನಿಸುತ್ತದೆ. ಆದರೆ ಗೊರಾಜ್ದೆಯಲ್ಲಿ ನಿಂತು ಯೋಚಿಸಿ. ಕ್ಯಾಂಟನ್ ಹೋದರೆ ಆಸ್ಪತ್ರೆಯ ದುಡ್ಡನ್ನು ನಿರ್ಧರಿಸುವವರು ಸರಾಯೆವೊದಲ್ಲಿ ಕೂರುತ್ತಾರೆ. ಕಚೇರಿಗಳಲ್ಲಿ ಕೆಲಸ ಮಾಡುವ ನೂರಾರು ಮನೆಗಳ ಸಂಬಳ ಅನುಮಾನಕ್ಕೆ ಬೀಳುತ್ತದೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದು: ಒಮ್ಮೆ ನಕ್ಷೆಯ ಮೇಲೆ ವ್ಯಾಪಾರಕ್ಕಿಟ್ಟ ಊರು ಇದು. ಸ್ವಂತ ಸರ್ಕಾರ ಅಂತ ಒಂದು ಇದ್ದರೆ ಮುಂದಿನ ಸಲ ಹಾಗೆ ಅಳಿಸುವುದು ಕಷ್ಟ ಅನ್ನುವ ಲೆಕ್ಕ ಅವರದ್ದು. ಆ ಲೆಕ್ಕ ತಪ್ಪು ಅಂತ ಹೇಳುವ ಧೈರ್ಯ ನನಗಿಲ್ಲ. ಹಾಗಾಗಿ 25 ಶಾಸಕರೂ ಇರುತ್ತಾರೆ, ಮಂತ್ರಿಗಳೂ ಇರುತ್ತಾರೆ, ಬಜೆಟ್ಟಿನ ದೊಡ್ಡ ಪಾಲು ಅವರ ಸಂಬಳ ಕಚೇರಿಗೆ ಹೋಗುತ್ತದೆ, ಸುರಂಗಕ್ಕೆ ಮುಂದಿನ ಕಂತು ಯಾವಾಗ ಬರುತ್ತದೆ ಅಂತ ಅದೇ ಸಭೆಯಲ್ಲಿ ಪ್ರತಿ ವರ್ಷ ಪ್ರಶ್ನೆ ಏಳುತ್ತದೆ.